ಯಾವ ವಿಶ್ವವಿದ್ಯಾನಿಲಯ, ಯಾರಿಗೆ?

ಹೆಮ್ಮಿಗೆಯಲ್ಲಿಯೂ ನಂಜನಗೂಡು, ನರಸೀಪುರದ ಇತರ ಗ್ರಾಮಗಳಲ್ಲಿಯೂ ಪಿಯುಸಿ ಮುಗಿಸಿ ಮುಂದೇನೆಂಬ ಚಿಂತೆಯಲ್ಲಿರುವ ತರುಣ ತರುಣಿಯರೇ, ವಿಶ್ವವಿದ್ಯಾನಿಲಯದ ಕೀರ್ತಿಯನ್ನು ವಿಚಾರಿಸುವ ಮುನ್ನ ನಿಮ್ಮ ಉದ್ದೇಶವನ್ನು ನೀವೇ ವಿಚಾರಿಸಿಕೊಳ್ಳಿರಿ.

ನಾಲ್ವಡಿ ಕೃಷ್ಣರಾಜ ಒಡೆಯರ ಕಾಲದಲ್ಲಿ, 1916ರಲ್ಲಿ, ಮೈಸೂರು ವಿಶ್ವವಿದ್ಯಾನಿಲಯವು ಸ್ಥಾಪಿತವಾಗುವವರೆಗೆ ಇಲ್ಲಿನ ಮಹಾರಾಜಾ ಕಾಲೇಜು ಕೂಡ ಮದರಾಸು ವಿಶ್ವವಿದ್ಯಾನಿಲಯಕ್ಕೇ ಅಧೀನವಾಗಿದ್ದಿತು. ಆಯ್ಕೆಯೆಂಬ ಮಾತೇ ಅಂದು ವಿರಳ. ಇಂದಾದರೋ ಸಾಹಿತ್ಯ, ಇತಿಹಾಸ, ಮೂಲವಿಜ್ಞಾನಗಳಲ್ಲಿ ಸ್ನಾತಕೋತ್ತರ ವ್ಯಾಸಂಗವನ್ನು ಬಯಸುವವರಿಗೆ ಮೈಸೂರು ವಿಶ್ವವಿದ್ಯಾನಿಲಯದ, ಕುವೆಂಪು ಅವರು ಹೆಸರಿಟ್ಟ ಮಾನಸಗಂಗೋತ್ರಿ ಆವರಣವುಂಟು; ಸಂಗೀತಾಸಕ್ತರಿಗೆ ಗಂಗೂಬಾಯಿ ಹಾನಗಲ್ ಅವರ ಹೆಸರಿನ ವಿಶ್ವವಿದ್ಯಾನಿಲಯವುಂಟು; ಮನೆಯ ಹೊಣೆಯನ್ನು ಹೊತ್ತು ದುಡಿಯುತ್ತಲೇ ಓದಬೇಕಾದವರಿಗೆ, 1996ರಲ್ಲಿ ಆರಂಭವಾದ ಕರ್ನಾಟಕ ರಾಜ್ಯ ಮುಕ್ತ ವಿಶ್ವವಿದ್ಯಾನಿಲಯವುಂಟು. ಈ ಮೂರೂ ಮೈಸೂರು ನಗರದಲ್ಲಿಯೇ ಇವೆ.

ನಾಲೆಯ ನೀರಿನಲ್ಲಿ ಭತ್ತ ಬೆಳೆಯುವ ಮನೆತನದ ಮಕ್ಕಳು ತಮ್ಮ ಅನುಭವವನ್ನು ಅಲ್ಪವೆಂದೆಣಿಸಬಾರದು. ಕೃಷಿ ಹಾಗೂ ತೋಟಗಾರಿಕೆಯ ಪದವಿಗಳಿಗೆ ಸಿಇಟಿ ಮೂಲಕ ಪ್ರವೇಶ ನೀಡುವಾಗ ಕೃಷಿಕರ ಮಕ್ಕಳಿಗೆಂದೇ ಸೀಟುಗಳು ಮೀಸಲಾಗಿವೆ. ಅದಕ್ಕಾಗಿ ನಡೆಯುವ ಪ್ರಾಯೋಗಿಕ ಪರೀಕ್ಷೆಯಲ್ಲಿ ಬೀಜ, ಗೊಬ್ಬರ, ಉಪಕರಣಗಳನ್ನು ಗುರುತಿಸಬೇಕಾಗುತ್ತದೆ. ಬಾಲ್ಯದಿಂದ ಗದ್ದೆಯ ಬದುವಿನಲ್ಲಿ ನಡೆದ ಕಣ್ಣಿಗೆ ಇದಕ್ಕಿಂತ ನ್ಯಾಯವಾದ ಪರೀಕ್ಷೆ ಬೇರೊಂದಿಲ್ಲವೆಂದೇ ನನ್ನ ಅಭಿಪ್ರಾಯ. ಮಂಡ್ಯದ ವಿ.ಸಿ. ಫಾರಂನ ಕೃಷಿ ಕಾಲೇಜೇನೂ ದೂರದ್ದಲ್ಲ.

ಶುಲ್ಕದ ಜೊತೆಗೆ ಹಾಸ್ಟೆಲಿನ ವೆಚ್ಚವನ್ನೂ, ವಿದ್ಯಾರ್ಥಿವೇತನವನ್ನೂ ತಂದೆತಾಯಿಗಳೊಡನೆ ಕುಳಿತು ಲೆಕ್ಕಹಾಕಿರಿ. ಮಾನ್ಯತೆಯಿಲ್ಲದ ನಕಲಿ ವಿಶ್ವವಿದ್ಯಾನಿಲಯಗಳ ಪಟ್ಟಿಯನ್ನು ಯುಜಿಸಿಯು ತನ್ನ ಜಾಲತಾಣದಲ್ಲಿ ಪ್ರಕಟಿಸುತ್ತದೆ. ಹಣ ಕಟ್ಟುವ ಮೊದಲು ದಯವಿಟ್ಟು ಅದನ್ನೊಮ್ಮೆ ಓದಿರಿ.