ಗೆಳತಿಯರ ಕೈಯಲ್ಲಿ ಅರಳಿದ ಕಾರ್ಡುಗಳು

1847ರಲ್ಲಿ ಓದು ಮುಗಿಸಿ ಅಮೆರಿಕದ ವೂಸ್ಟರ್ ಪಟ್ಟಣಕ್ಕೆ ಮರಳಿದ್ದ ಎಸ್ತರ್ ಹೌಲೆಂಡ್ ಅವರಿಗೆ, ಇಂಗ್ಲೆಂಡಿನಲ್ಲಿ ತಯಾರಾದ ವ್ಯಾಲೆಂಟೈನ್ ಕಾರ್ಡೊಂದು ಬಂತು. ಅಂಚಿಗೆ ಕಾಗದದ ಲೇಸು, ಮೇಲೆ ಬಣ್ಣದ ಹೂಗಳು. ಇದಕ್ಕಿಂತ ಚೆಂದದ್ದನ್ನು ತಾನೇ ಮಾಡಬಲ್ಲೆ ಎನಿಸಿತು ಅವರಿಗೆ. ತಂದೆಯದು ಸ್ಟೇಷನರಿ ವ್ಯಾಪಾರ. ಸಾಮಗ್ರಿ ತರಿಸುವುದು ಕಷ್ಟವಾಗಲಿಲ್ಲ.

ಮಾದರಿಗಳನ್ನು ಹಿಡಿದು ಸಹೋದರ ಮಾರಾಟಕ್ಕೆ ಹೊರಟರು. 200 ಡಾಲರಿನ ಬೇಡಿಕೆ ಬಂದರೆ ಸಾಕೆಂದುಕೊಂಡಿದ್ದರೆ, ಬಂದದ್ದು 5,000 ಡಾಲರಿನದು ಎನ್ನುತ್ತಾರೆ.

ಒಬ್ಬರಿಂದಾಗುವ ಕೆಲಸವೇ ಅದು? ಎಸ್ತರ್ ಗೆಳತಿಯರನ್ನು ಮನೆಗೆ ಕರೆದು ಕೆಲಸ ಹಂಚಿದರು. ಒಬ್ಬರು ಚಿತ್ರ ಕತ್ತರಿಸಿದರೆ, ಮತ್ತೊಬ್ಬರು ಹಿನ್ನೆಲೆಯ ಕಾಗದ ಜೋಡಿಸುತ್ತಿದ್ದರು; ಇನ್ನೊಬ್ಬರು ಅದರ ಮೇಲೆ ಅಲಂಕಾರ ಅಂಟಿಸುತ್ತಿದ್ದರು. ಮನೆ ಬಿಟ್ಟು ಬರಲಾಗದ ಹೆಂಗಸರಿಗೆ ಸಾಮಗ್ರಿಯ ಪೆಟ್ಟಿಗೆಯೇ ಹೋಗುತ್ತಿತ್ತು. ಬಿಳಿ ಲೇಸಿನಡಿ ಬಣ್ಣದ ಕಾಗದವಿಟ್ಟು ಅದರ ಕುಸುರಿ ಎದ್ದುಕಾಣುವಂತೆ ಮಾಡಿದ್ದು ಈ ಕಾರ್ಡುಗಳ ಸೊಗಸು.

ಒಟ್ಟಿಗೆ ಕುಳಿತು ಕಾರ್ಡು ಮಾಡುವ ಇಂದಿನ ಗುಂಪುಗಳಿಗೂ ಇದೇ ಹಂಚಿಕೆ ಒಪ್ಪುತ್ತದೆ. ಮೊದಲು ಲಕೋಟೆಯ ಅಳತೆ ನೋಡಿ ದಪ್ಪ ಕಾಗದ ಕತ್ತರಿಸಬೇಕು. ಸ್ಕೇಲಿಟ್ಟು, ಇಂಕು ಮುಗಿದ ಬಾಲ್‌ಪೆನ್ನಿನಿಂದ ನಡುವೆ ಗೀರಿದರೆ ಮಡಿಕೆ ನೇರವಾಗಿ ಕೂರುತ್ತದೆ. ನೀರಾದ ಗೋಂದು ಕಾಗದವನ್ನು ಸುಕ್ಕುಗಟ್ಟಿಸುತ್ತದೆ. ತೆಳುವಾಗಿ ಸವರಿ, ಭಾರವಾದ ಪುಸ್ತಕದಡಿ ಒಣಗಿಸಿದರೆ ಕಾರ್ಡು ಸಮತಟ್ಟಾಗಿ ಉಳಿಯುತ್ತದೆ.