ಕಥಾಸ್ಪರ್ಧೆಗೆ ಕಥೆ ಕಳುಹಿಸುವ ಮುನ್ನ

ಹೋದ ತಿಂಗಳು, ಆಷಾಢದ ಮಳೆ ಹಿಡಿದಿದ್ದ ಒಂದು ಸಂಜೆ, ಅಂತಿಮ ಬಿ.ಎ. ತರಗತಿಯ ವಿದ್ಯಾರ್ಥಿನಿಯೊಬ್ಬಳು ನಮ್ಮ ಮನೆಯ ಬಾಗಿಲಿಗೆ ಬಂದು ನಿಂತಳು. ಕೈಯಲ್ಲಿ ಹನ್ನೆರಡು ಹಾಳೆಗಳ ಒಂದು ಕಥೆ. ಮೊಬೈಲಿನಲ್ಲಿ ಒಂದು ಪ್ರಕಟಣೆ. ಅಖಿಲ ಭಾರತ ಮಟ್ಟದ ಕಥಾಸ್ಪರ್ಧೆಯಂತೆ. ಪ್ರವೇಶ ಶುಲ್ಕ 500 ರೂಪಾಯಿಗಳಂತೆ. ಆಯ್ಕೆಯಾದ ಕಥೆಗಳೆಲ್ಲ ಪುಸ್ತಕರೂಪದಲ್ಲಿ ಹೊರಬರುವುವಂತೆ. ತೀರ್ಪುಗಾರರು ಯಾರೆಂಬುದನ್ನು ಮಾತ್ರ ಎಲ್ಲಿಯೂ ಕಾಣಿಸಿರಲಿಲ್ಲ.

"ಸರ್, ಹಣ ಕಟ್ಟಬಹುದೇ?" ಎಂದು ಕೇಳಿದಳು. ಅಕ್ಕಪಕ್ಕದ ಮಕ್ಕಳಿಗೆ ಮನೆಪಾಠ ಹೇಳಿ ತನ್ನ ಪುಸ್ತಕದ ಖರ್ಚನ್ನು ತಾನೇ ನೋಡಿಕೊಳ್ಳುವ ಹುಡುಗಿ. ಐನೂರು ರೂಪಾಯಿ ಅವಳಿಗೆ ಸಣ್ಣ ಮೊತ್ತವಲ್ಲ.

ನಾನು ತಟ್ಟನೆ ಉತ್ತರ ಹೇಳಲಾರದೆ ಅಟ್ಟದ ಕಡೆಗೆ ನೋಡಿದೆ. ಅದಕ್ಕೆ ಕಾರಣವುಂಟು. ನನಗೆ ಇಪ್ಪತ್ತೆರಡು ವರ್ಷವಾಗಿದ್ದಾಗ ಇಂಥದೇ ಒಂದು ಸ್ಪರ್ಧೆಗೆ ಕಥೆ ಕಳುಹಿಸಿದ್ದೆ. ಪ್ರಥಮ ಬಹುಮಾನ ಬಂದಿದೆಯೆಂದು ಪತ್ರ ಬಂದಿತು. ನಮ್ಮ ತಾಯಿ ಸಂಜೆಯೊಳಗಾಗಿ ಇಡೀ ವಠಾರಕ್ಕೆ ಸಕ್ಕರೆ ಹಂಚಿ ಬಂದರು. ಪತ್ರದ ಎರಡನೆಯ ಪುಟವನ್ನು ನಾನು ಓದಿದ್ದು ಆಮೇಲೆ: ಬಹುಮಾನಿತರು ಸಂಕಲನದ ಇಪ್ಪತ್ತು ಪ್ರತಿಗಳನ್ನು ಮುಂಗಡ ಹಣ ಕೊಟ್ಟು ಕೊಳ್ಳತಕ್ಕದ್ದು. ಹಂಚಿದ ಸಕ್ಕರೆಯನ್ನು ಹಿಂದಕ್ಕೆ ಪಡೆಯುವುದುಂಟೆ? ಸೋದರಮಾವನಲ್ಲಿ ಸಾಲ ಮಾಡಿ ಹಣ ಕಳುಹಿಸಿದೆ. ಸಮಾರಂಭಕ್ಕೆ ಹೋಗಿ ನೋಡಿದರೆ ಪ್ರಥಮ ಬಹುಮಾನ ಪಡೆದವರು ನನ್ನನ್ನೂ ಸೇರಿಸಿ ಮೂವತ್ತೊಂದು ಮಂದಿ! ಆ ಪ್ರತಿಗಳಲ್ಲಿ ಹದಿನೇಳು ಇಂದಿಗೂ ನಮ್ಮ ಅಟ್ಟದಲ್ಲಿವೆ. ತಾಯಿಗೆ ಈ ಸಂಗತಿಯನ್ನು ನಾನು ಹೇಳಲೇ ಇಲ್ಲ.

ಶುಲ್ಕ ಕೇಳುವ ಸ್ಪರ್ಧೆಗಳೆಲ್ಲ ಮೋಸವೆಂದು ನಾನು ಹೇಳಲಾರೆ. ಇಂಗ್ಲಿಷ್ ಜಗತ್ತಿನಲ್ಲಿ ಶುಲ್ಕ ಪಡೆದು ಪ್ರಾಮಾಣಿಕವಾಗಿ ನಡೆಯುವ ಸ್ಪರ್ಧೆಗಳೂ ಇವೆ. ಆದರೆ ಬಹುಮಾನದ ಹಣ ಯಾರ ಕಿಸೆಯಿಂದ ಬರುತ್ತದೆ, ತೀರ್ಪು ಯಾರದು, ಹಿಂದಿನ ವರ್ಷ ಗೆದ್ದ ಕಥೆ ಎಲ್ಲಿ ಅಚ್ಚಾಗಿದೆ, ಈ ಮೂರು ಪ್ರಶ್ನೆಗಳಿಗೆ ಉತ್ತರ ಸಿಗದ ಕಡೆ ಹಣ ಕಟ್ಟುವುದು ಜಾಣತನವಲ್ಲ.

ಸ್ವಾರ್ಥವಿದ್ದ ಮಾತ್ರಕ್ಕೆ ಸ್ಪರ್ಧೆ ಕೆಟ್ಟದ್ದೆಂದೂ ಅಲ್ಲ. ಕಲ್ಕತ್ತೆಯ ಸುಗಂಧವ್ಯಾಪಾರಿ ಹೇಮೇಂದ್ರಮೋಹನ ಬೋಸರ ಕಥೆಯನ್ನೇ ನೋಡಿ. ಇವರು 'ಕುಂತಲೀನ್' ಎಂಬ ತಲೆಯೆಣ್ಣೆಯನ್ನೂ 'ದೇಲ್‌ಖೋಷ್' ಎಂಬ ಸೆಂಟನ್ನೂ ತಯಾರಿಸುತ್ತಿದ್ದರು. 1896ರಲ್ಲಿ ಕುಂತಲೀನ್ ಪುರಸ್ಕಾರವೆಂಬ ಕಥಾಸ್ಪರ್ಧೆಯನ್ನು ಆರಂಭಿಸಿದರು. ನಿಬಂಧನೆ ಸ್ವಾರಸ್ಯವಾದದ್ದು: ಕಥೆಯಲ್ಲಿ ಎಣ್ಣೆಯ ಮತ್ತು ಸೆಂಟಿನ ಪ್ರಸ್ತಾಪ ಬರಬೇಕು, ಆದರೆ ಅದು ಜಾಹೀರಾತಿನಂತೆ ತೋರಬಾರದು. ಮೊದಲ ವರ್ಷದ ಬಹುಮಾನ ಹೆಸರು ಪ್ರಕಟಿಸದ ಲೇಖಕರೊಬ್ಬರಿಗೆ ಸಂದಿತು. ಕಲ್ಕತ್ತೆಗೆ ಅಪ್ಪಳಿಸಬೇಕಾಗಿದ್ದ ಚಂಡಮಾರುತವೊಂದು ಇದ್ದಕ್ಕಿದ್ದಂತೆ ಮಾಯವಾಗುತ್ತದೆ. ಹವಾಮಾನ ಪಂಡಿತರು ತಲೆ ಕೆರೆದುಕೊಳ್ಳುತ್ತಾರೆ. ನಿಜವಾಗಿ ಆದದ್ದೇನೆಂದರೆ, ಜ್ವರದಿಂದ ಕೂದಲುದುರಿದ ಹಡಗಿನ ಪ್ರಯಾಣಿಕನೊಬ್ಬನು ತನ್ನ ತಲೆಯೆಣ್ಣೆಯನ್ನು ಸಮುದ್ರಕ್ಕೆ ಸುರಿದಿದ್ದಾನೆ. ಎಣ್ಣೆ ಹರಡಿ ಅಲೆಗಳು ಅಡಗಿವೆ! ಬರೆದವರು ಬೇರೆ ಯಾರೂ ಅಲ್ಲ, ವಿಜ್ಞಾನಿ ಜಗದೀಶಚಂದ್ರ ಬೋಸರು. ಬಂಗಾಳಿಯ ವೈಜ್ಞಾನಿಕ ಕಥೆಗಳ ಆದ್ಯರಲ್ಲಿ ಇದನ್ನೂ ಎಣಿಸುತ್ತಾರೆ. ಎಣ್ಣೆಯನ್ನು ನಿಬಂಧನೆಗಾಗಿ ತುರುಕದೆ, ಅದಿಲ್ಲದೆ ಕಥೆಯೇ ಇಲ್ಲವೆಂಬಂತೆ ಹೆಣೆದ ಜಾಣ್ಮೆಗೆ ನಾನು ತಲೆದೂಗುತ್ತೇನೆ.

ಅದೇ ಪುರಸ್ಕಾರ 1903ರಲ್ಲಿ 'ಮಂದಿರ' ಎಂಬ ಕಥೆಗೆ ಬಂದಿತು. ಕಳುಹಿಸಿದ ಹೆಸರು ಸುರೇಂದ್ರನಾಥ ಗಂಗೋಪಾಧ್ಯಾಯ. ಬರೆದಾತನು ಅವರ ಸೋದರಳಿಯನ ವರಸೆಯ, ಕೆಲಸವನ್ನರಸಿ ಆ ವರ್ಷವೇ ಬರ್ಮಾಕ್ಕೆ ಹೊರಟುಹೋದ ತರುಣ. ನಮ್ಮ ಅಜ್ಜಿಯರೂ ತಾಯಂದಿರೂ ಕನ್ನಡ ಅನುವಾದಗಳಲ್ಲಿ ಓದಿ ಕಣ್ಣೀರಿಟ್ಟ ಶರಚ್ಚಂದ್ರ ಚಟ್ಟೋಪಾಧ್ಯಾಯನೇ ಆತನು. ತನ್ನ ಹೆಸರನ್ನು ಮುಂದಿಡಲು ಆತನಿಗೂ ಅಂದು ಧೈರ್ಯವಿರಲಿಲ್ಲ. (ಇಂದು ಹೀಗೆ ಬೇರೆಯವರ ಹೆಸರಿನಲ್ಲಿ ಕಳುಹಿಸಿದರೆ 'ಈ ಕಥೆ ನನ್ನ ಸ್ವಂತದ್ದು' ಎಂಬ ದೃಢೀಕರಣವೇ ಸುಳ್ಳಾಗುತ್ತದೆ. ಯಂತ್ರದಿಂದ ಬರೆಸಿ ಕಳುಹಿಸುವವರಿಗೂ ಈ ಮಾತು ಸಲ್ಲುತ್ತದೆ.)

ನೆರೆಹೊರೆಯ ಭಾಷೆಗಳಲ್ಲಿ ಇಂಥ ನಿದರ್ಶನಗಳು ಇನ್ನೂ ಇವೆ. ನ್ಯೂಯಾರ್ಕ್ ಹೆರಾಲ್ಡ್ ಟ್ರಿಬ್ಯೂನ್ ಪತ್ರಿಕೆಯ ಜಾಗತಿಕ ಕಥಾಸ್ಪರ್ಧೆಯಲ್ಲಿ 1952ರಲ್ಲಿ ದ್ವಿತೀಯ ಬಹುಮಾನ ಪಡೆದದ್ದು ತೆಲುಗಿನ 'ಗಾಲಿವಾನ'. ಅದರ ಲೇಖಕ ಪಾಲಗುಮ್ಮಿ ಪದ್ಮರಾಜು ರಸಾಯನಶಾಸ್ತ್ರದ ಅಧ್ಯಾಪಕರಾಗಿದ್ದವರು. ಭಾಷಾ ಅಧ್ಯಾಪಕರಾದ ನಾವು ಇದನ್ನು ಆಗಾಗ ನೆನೆಯುವುದು ಒಳ್ಳೆಯದು. 1954ರಲ್ಲಿ ಅದೇ ಸ್ಪರ್ಧೆಯ ಅಂಗವಾಗಿ ಮಾತೃಭೂಮಿ ಪತ್ರಿಕೆಯು ಮಲಯಾಳದಲ್ಲಿ ನಡೆಸಿದ ಸ್ಪರ್ಧೆಯನ್ನು ಗೆದ್ದ ಎಂ. ಟಿ. ವಾಸುದೇವನ್ ನಾಯರರಿಗೆ ಆಗ ವಯಸ್ಸು ಇಪ್ಪತ್ತರ ಆಸುಪಾಸು.

ಕನ್ನಡದಲ್ಲಿ ಸ್ಪರ್ಧೆಗಳನ್ನು ಎಲ್ಲಿ ಹುಡುಕಬೇಕು? ದೂರ ಹೋಗಬೇಕಾಗಿಲ್ಲ. ಪ್ರಜಾವಾಣಿಯ ದೀಪಾವಳಿ ಕಥಾಸ್ಪರ್ಧೆ ದಶಕಗಳಿಂದ ಹೆಸರಾದದ್ದು. ವಿಶೇಷಾಂಕಗಳ ಸ್ಪರ್ಧೆಗಳ ಪ್ರಕಟಣೆ ಹಬ್ಬಕ್ಕೆ ಕೆಲವು ತಿಂಗಳು ಮೊದಲೇ ಬರುವುದರಿಂದ ಮಳೆಗಾಲದಲ್ಲಿ ಪತ್ರಿಕೆಗಳ ಮೂಲೆಮುಡುಕುಗಳನ್ನೂ ಓದುತ್ತಿರಬೇಕು. ಮೊದಲ ಸಂಕಲನದ ಹಸ್ತಪ್ರತಿಯಿದ್ದವರಿಗೆ ವಸುಧೇಂದ್ರರ ಛಂದ ಪುಸ್ತಕದ ಬಹುಮಾನವುಂಟು. 2025ರಲ್ಲಿ ಬಾನು ಮುಷ್ತಾಕ್ ಅವರ ಕಥೆಗಳಿಗೆ, ದೀಪಾ ಭಾಸ್ತಿಯವರ ಅನುವಾದದ ಮೂಲಕ, ಅಂತಾರಾಷ್ಟ್ರೀಯ ಬುಕರ್ ಬಂದ ಮೇಲೆ 'ಅದಕ್ಕೆ ಅರ್ಜಿ ಹಾಕುವುದು ಹೇಗೆ?' ಎಂದು ಕೇಳುವವರು ಹೆಚ್ಚಾಗಿದ್ದಾರೆ. ಅದಕ್ಕೆ ಲೇಖಕರು ತಾವೇ ಕಳುಹಿಸುವಂತಿಲ್ಲ; ಪುಸ್ತಕವನ್ನು ಪ್ರಕಾಶಕರು ಸಲ್ಲಿಸಬೇಕು.

ನಿಬಂಧನೆಗಳನ್ನು ಓದದೆ ಸೋಲುವವರು ಬಹಳ. ಕಥೆ 'ಎಲ್ಲಿಯೂ ಪ್ರಕಟವಾಗಿರಬಾರದು' ಎಂಬಲ್ಲಿ ಫೇಸ್‌ಬುಕ್ಕೂ ಸಾಮಾನ್ಯವಾಗಿ ಸೇರುತ್ತದೆ. ನಾಲ್ಕು ಮಂದಿ ಗೆಳೆಯರ ಮೆಚ್ಚುಗೆಗಾಗಿ ಅಲ್ಲಿ ಹಾಕಿದ ಕಥೆ ಸ್ಪರ್ಧೆಗೆ ಎರವಾದೀತು. ಒಂದೇ ಕಥೆಯನ್ನು ಏಕಕಾಲಕ್ಕೆ ಎರಡು ಕಡೆ ಕಳುಹಿಸಿ, ಎರಡು ಕಡೆಯೂ ಗೆದ್ದು, ಮುಖ ಮುಚ್ಚಿಕೊಂಡವರನ್ನೂ ಬಲ್ಲೆ. ಹಕ್ಕಿನ ವಿಷಯವಂತೂ ಮುಖ್ಯ. ನಮ್ಮ ದೇಶದ 1957ರ ಕೃತಿಸ್ವಾಮ್ಯ ಕಾಯಿದೆಯ 19ನೆಯ ಕಲಮಿನಂತೆ ಹಕ್ಕಿನ ವರ್ಗಾವಣೆ ಲಿಖಿತವಾಗಿರಬೇಕು, ಅದಕ್ಕೆ ಸಹಿಯಿರಬೇಕು. ಅವಧಿಯನ್ನು ಹೇಳದಿದ್ದಲ್ಲಿ ಅದು ಐದು ವರ್ಷವೆಂದೇ ಎಣಿಕೆ. ಆದುದರಿಂದ 'ಕಳುಹಿಸಿದ ಎಲ್ಲ ಕಥೆಗಳ ಸರ್ವ ಹಕ್ಕುಗಳೂ ನಮ್ಮವು' ಎಂಬ ಷರತ್ತಿಗೆ ಕೆಳಗೆ ಸಹಿ ಕೇಳಿದರೆ ಲೇಖನಿಯನ್ನು ಮುಚ್ಚಿಡಬೇಕು. ಗೆದ್ದ ಕಥೆಯನ್ನು ಒಮ್ಮೆ ಅಚ್ಚುಹಾಕುವ ಹಕ್ಕು ಬೇರೆ, ಸೋತ ಕಥೆಯನ್ನೂ ನುಂಗಿಕೊಳ್ಳುವ ಹಕ್ಕು ಬೇರೆ.

ಅಟ್ಟದಿಂದ ಒಂದು ಪ್ರತಿಯನ್ನು ಇಳಿಸಿ ಧೂಳು ಕೊಡವಿ ಆ ಹುಡುಗಿಯ ಕೈಗಿತ್ತೆ. ಪುಟ ತಿರುವಿ, ಮೂವತ್ತೊಂದು ಹೆಸರುಗಳನ್ನೂ ಓದಿ, ಅವಳು ಮೊಬೈಲಿನ ಪ್ರಕಟಣೆಯನ್ನು ಅಳಿಸಿಬಿಟ್ಟಳು. "ಹಾಗಾದರೆ ನನ್ನ ಕಥೆ?" ಎಂದಳು.

ಕಥೆಯನ್ನು ಆ ರಾತ್ರಿಯೇ ಓದಿದೆ. ಮಗಳ ಓದಿಗಾಗಿ ಹೊಲಿಗೆ ಯಂತ್ರವನ್ನು ಮಾರಿದ ತಾಯಿಯೊಬ್ಬಳ ಕಥೆ. ಮೊದಲ ಎರಡು ಪುಟ ಬರಿಯ ಪೀಠಿಕೆ; ಯಂತ್ರವನ್ನು ಗಾಡಿಗೆ ಏರಿಸುವಲ್ಲಿಂದ ಆರಂಭಿಸೆಂದು ಹೇಳಿದೆ. ಅವಳಿಗೆ ಸಮ್ಮತವಾಗಲಿಲ್ಲ. ಒಂದು ಪುಟವನ್ನು ಬಿಟ್ಟಳು, ಒಂದನ್ನು ಉಳಿಸಿಕೊಂಡಳು. ಮರಳಿ ಓದಿದಾಗ ಅವಳು ಮಾಡಿದ್ದೇ ಸರಿಯೆನಿಸಿತು.

ಶುಲ್ಕವಿಲ್ಲದ, ಅಂಚೆಯಲ್ಲಿಯೂ ಸ್ವೀಕರಿಸುವ ಸ್ಪರ್ಧೆಯೊಂದು ಸಿಕ್ಕಿತು. ಕಡೆಯ ದಿನಕ್ಕೆ ನಾಲ್ಕು ದಿನವಿತ್ತು. ಲಕೋಟೆಯನ್ನು ಅಂಟಿಸುವಷ್ಟರಲ್ಲಿ ನೋಡುತ್ತೇನೆ, ಕೊನೆಯ ಪುಟದ ಅಡಿಯಲ್ಲಿ ಅಭ್ಯಾಸಬಲದಿಂದ ತನ್ನ ಹೆಸರನ್ನು ಬರೆದುಬಿಟ್ಟಿದ್ದಾಳೆ! ಹಸ್ತಪ್ರತಿಯಲ್ಲಿ ಹೆಸರಿರಕೂಡದೆಂಬುದು ನಿಬಂಧನೆ. ಆ ಪುಟವನ್ನು ಮತ್ತೆ ನಕಲು ಮಾಡಿ, ಅಂಚೆ ಕಚೇರಿಯ ಕಿಟಕಿ ಮುಚ್ಚುವ ಹೊತ್ತಿಗೆ ಓಡಿಹೋಗಿ ಸ್ಪೀಡ್ ಪೋಸ್ಟಿಗೆ ಹಾಕಿ ಬಂದಳು. ರಸೀದಿಯನ್ನು ಕಳೆದೇನೆಂಬ ಭಯದಿಂದ ನನ್ನಲ್ಲಿಯೇ ಇಟ್ಟಿದ್ದಾಳೆ. ಫಲಿತಾಂಶ ದೀಪಾವಳಿಗೆ. ತಾಯಿಗೆ ಇನ್ನೂ ಏನನ್ನೂ ಹೇಳಿಲ್ಲವಂತೆ.