ಕಿಡಿ ಕಲ್ಲಿನದಲ್ಲ, ಉಕ್ಕಿನದು

ಮಾಗಡಿಯ ಸುತ್ತಮುತ್ತ ಹೊಲದ ಬದುಗಳಲ್ಲಿ ಬಿಳಿ ಬೆಣಚುಕಲ್ಲಿಗೆ ಬರವಿಲ್ಲ. ಕತ್ತಲಲ್ಲಿ ಎರಡು ಕಲ್ಲು ಉಜ್ಜಿದರೆ ಒಳಗೆ ಮಂದ ಬೆಳಕು ಮಿನುಗುತ್ತದೆ, ಸುಟ್ಟ ವಾಸನೆಯೂ ಬರುತ್ತದೆ. ಆದರೆ ಅದರಿಂದ ಒಂದು ಎಳೆ ಹತ್ತಿಯೂ ಹೊತ್ತಿಕೊಳ್ಳದು. ಬೆಣಚುಕಲ್ಲಿನ ಸಿಲಿಕಾನ್ ಆಗಲೇ ಆಮ್ಲಜನಕದೊಡನೆ ಕೂಡಿಬಿಟ್ಟಿದೆ. ಅದರಲ್ಲಿ ಉರಿಯಲು ಏನೂ ಉಳಿದಿಲ್ಲ.

ಉರಿಯುವುದು ಉಕ್ಕು. ಚಕಮಕಿಯಲ್ಲಿ ಕಲ್ಲಿನ ಕೆಲಸ ಕೆತ್ತುವುದಷ್ಟೇ. ಅದರ ಚೂಪಾದ ಅಂಚು ಗಟ್ಟಿ ಉಕ್ಕಿಗಿಂತಲೂ ಗಡಸು. ಬೀಸಿ ಹೊಡೆದಾಗ ಉಕ್ಕಿನಿಂದ ಸಣ್ಣ ಚೂರುಗಳು ಕಿತ್ತು, ತಿಕ್ಕಾಟಕ್ಕೆ ಕಾಯ್ದು ಹಾರುತ್ತವೆ. ಆಗಷ್ಟೇ ಬಯಲಾದ ಕಬ್ಬಿಣ ಗಾಳಿಯ ಆಮ್ಲಜನಕದೊಡನೆ ಕೂಡಿ ಧಗ್ಗನೆ ಉರಿಯುತ್ತದೆ. 1665ರಲ್ಲೇ ಇಂಗ್ಲಿಷ್ ವಿಜ್ಞಾನಿ ರಾಬರ್ಟ್ ಹುಕ್ ಈ ಕಿಡಿಗಳನ್ನು ಹಿಡಿದು ಸೂಕ್ಷ್ಮದರ್ಶಕದಡಿ ಇಟ್ಟು ನೋಡಿದ್ದ: ಅವು ಕರಗಿ ದುಂಡಾದ ಉಕ್ಕಿನ ಕಣಗಳಾಗಿದ್ದವು.

ಮೆತ್ತನೆಯ ಕಬ್ಬಿಣ ನಡೆಯದು. ಇಂಗಾಲ ಸೇರಿ, ಕಾಯಿಸಿ ನೀರಿಗದ್ದಿ ಗಡುಸಾದ ಉಕ್ಕೇ ಬೇಕು. ಅದೂ ಈ ಸೀಮೆಯಲ್ಲೇ ಇತ್ತು. 1800ರಲ್ಲಿ ಸಮೀಕ್ಷೆಗೆಂದು ಇಲ್ಲಿ ಓಡಾಡಿದ ಫ್ರಾನ್ಸಿಸ್ ಬುಕಾನನ್ ಮಾಗಡಿ ಬಳಿಯ ಘಟ್ಟಿಪುರದ ಕುಲುಮೆಗಳ ಬಗ್ಗೆ ಬರೆದಿದ್ದಾನೆ. ಮೈಸೂರು ಸೀಮೆಯ ಕುಲುಮೆಯವರು ಮಣ್ಣಿನ ಮೂಸೆಯಲ್ಲಿ ಕಬ್ಬಿಣದ ತುಂಡಿನ ಜೊತೆ ತಂಗಡಿ ಕಡ್ಡಿ ಇಟ್ಟು ಕಾಯಿಸುತ್ತಿದ್ದರು. ಕಡ್ಡಿಯ ಇಂಗಾಲ ಕಬ್ಬಿಣಕ್ಕಿಳಿದು ಉಕ್ಕಾಗುತ್ತಿತ್ತು. ಚನ್ನಪಟ್ಟಣದ ಉಕ್ಕಿನ ತಂತಿಗಳು ವಾದ್ಯಗಳಿಗೆ ಹೆಸರಾಗಿದ್ದವು.  1791ರ ಡಿಸೆಂಬರಿನಲ್ಲಿ ಬ್ರಿಟಿಷ್ ಸೇನಾಪತಿ ಕಾರ್ನ್‌ವಾಲಿಸನ ಸೈನ್ಯ ಮಾಗಡಿ ಬಳಿಯ ಸಾವನದುರ್ಗದ ಕೋಟೆಯನ್ನು ಹಿಡಿದಾಗ ಆ ಸೈನ್ಯದ ಬಂದೂಕುಗಳ ಮದ್ದಿಗೆ ಕಿಡಿ ತಾಗಿಸಿದ್ದೂ ಇದೇ ಬಗೆಯ ಕಲ್ಲು, ಉಕ್ಕಿನ ಜೋಡಿ.

ಮಾಡಿ ನೋಡುವವರು ಸವೆದ ಅರವೊಂದನ್ನು ಹುಡುಕಿಕೊಳ್ಳಿ. ಅಡುಗೆಮನೆಯ ಸ್ಟೇನ್‌ಲೆಸ್ ಸ್ಟೀಲು ಬೇಡ. ಅದರ ಕ್ರೋಮಿಯಂ ಕಬ್ಬಿಣವನ್ನು ಸುಲಭಕ್ಕೆ ಉರಿಯಗೊಡದು. ಕಿಡಿ ಬಿದ್ದರಷ್ಟೇ ಬೆಂಕಿ ಏಳುವುದಿಲ್ಲ. ಅದನ್ನು ಹಿಡಿದಿಡಲು ಕರಿದಾದ ಹತ್ತಿಬಟ್ಟೆ ಬೇಕು. ಸಣ್ಣ ತೂತಿರುವ ಡಬ್ಬಿಯಲ್ಲಿ ಬಟ್ಟೆಯ ಚೂರುಗಳನ್ನು ಮುಚ್ಚಿ ಕಾಯಿಸಿದರೆ, ಗಾಳಿ ಸಾಲದೆ ಅವು ಬೂದಿಯಾಗದೆ ಇದ್ದಿಲಾಗುತ್ತವೆ. ಈ ಇದ್ದಿಲು ಸಣ್ಣ ಕಿಡಿಗೂ ಕೆಂಪಾಗಿ, ಜ್ವಾಲೆಯಿಲ್ಲದೆ ಮೆಲ್ಲಗೆ ಹಬ್ಬುತ್ತದೆ. ಅದನ್ನು ಒಣಗಿದ ತೆಂಗಿನ ನಾರಿನ ಗೂಡಿನಲ್ಲಿಟ್ಟು ಹಿತವಾಗಿ ಊದಿದರೆ ಹೊಗೆ ದಟ್ಟವಾಗಿ, ಬೆಂಕಿ ಹೊತ್ತುತ್ತದೆ.

ಇದನ್ನು ಮನೆಯ ಅಂಗಳದಲ್ಲಿ, ಪಕ್ಕದಲ್ಲಿ ಬಿಂದಿಗೆ ನೀರಿಟ್ಟುಕೊಂಡು ಮಾಡಿ. ಸಾವನದುರ್ಗದ ಕಾಡಿನಲ್ಲಿ ಮಾತ್ರ ಬೇಡ. ಬೇಸಿಗೆಯಲ್ಲಿ ಅಲ್ಲಿನ ಹುಲ್ಲು, ಕುರುಚಲು ಒಣಗಿ ನಿಂತಿರುತ್ತವೆ; ಮೀಸಲು ಅರಣ್ಯದಲ್ಲಿ ಬೆಂಕಿ ಹಚ್ಚುವುದು ಕರ್ನಾಟಕ ಅರಣ್ಯ ಕಾಯ್ದೆಯ ಪ್ರಕಾರ ಅಪರಾಧ.